ಅಪ್ಪನ ಕೈಯಿಂದ ಫೋನ್ ಕಿತ್ಕೊಳ್ಳಬೇಕಾ? ಡಿಜಿಟಲ್ ಅರೆಸ್ಟ್ ಬಗ್ಗೆ ಕೊಡಗಿನ ನಾಪೋಕ್ಲು ಕಡೆಯಿಂದ ಒಂದು ಪ್ರಶ್ನೆ

ಪ್ರಶ್ನೆ: ನಮ್ಮಪ್ಪಂಗೆ 74 ವರ್ಷ, ಮಿಲಿಟರಿಯಿಂದ ಸುಬೇದಾರ್ ಆಗಿ ರಿಟೈರ್ ಆದವರು. ನಾಪೋಕ್ಲು ಹತ್ರ ತೋಟದ ಮನೇಲಿ ಒಬ್ರೇ ಇರ್ತಾರೆ, ಎರಡು ರೂಮಿನ ಹೋಂಸ್ಟೇನೂ ನಡೆಸ್ತಾರೆ. ನಾನು ಇರೋದು ಬೆಂಗಳೂರಲ್ಲಿ. ಕಾಫಿ ದುಡ್ಡು ಅಕೌಂಟಿಗೆ ಬಿದ್ದ ಮುಂದಿನ ವಾರವೇ ಸಿಬಿಐ ಅಂತ ವಿಡಿಯೋ ಕಾಲ್ ಬಂದಿದೆ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಅವರನ್ನ ಕಾಲಲ್ಲೇ ಕೂರಿಸಿಕೊಂಡಿದ್ದಾರೆ. ಆಮೇಲೆ ಆರ್‌ಟಿಜಿಎಸ್ (ದೊಡ್ಡ ಮೊತ್ತ ಬೇರೆ ಅಕೌಂಟಿಗೆ ಕಳಿಸೋದು) ಮಾಡೋಕೆ ಬ್ಯಾಂಕಿಗೆ ಹೋದಾಗ ಕೌಂಟರಿನವರಿಗೆ ಡೌಟ್ ಬಂದು ನನಗೆ ಫೋನ್ ಮಾಡಿದ್ರು, ದುಡ್ಡು ಉಳೀತು. ಅಪ್ಪ ಅವತ್ತಿಂದ ಸರಿಯಾಗಿ ಮಾತಾಡ್ತಿಲ್ಲ. ಕಾಫಿ ದುಡ್ಡು ಬಂದಿದ್ದು ಅವರಿಗೆ ಹೇಗೆ ಗೊತ್ತಾಯ್ತು? ಈಗ ಎಐನಲ್ಲಿ ನನ್ನ ವಾಯ್ಸಲ್ಲೇ ಕಾಲ್ ಮಾಡಿದ್ರೆ ಏನು ಗತಿ? ಸ್ಮಾರ್ಟ್‌ಫೋನ್ ಕಿತ್ಕೊಂಡು ಬಟನ್ ಫೋನ್ ಕೊಡು ಅಂತಾರೆ ಎಲ್ರೂ, ಕೊಡ್ಲಾ? ದುಡ್ಡು ಹೋಗಿಲ್ವಲ್ಲ, ಕಂಪ್ಲೇಂಟ್ ಕೊಡಬೇಕಾ?

ಉತ್ತರ: ಮೊದಲು ಫೋನಿನ ವಿಷಯ ಹೇಳಿಬಿಡ್ತೀನಿ. ಕಿತ್ಕೋಬೇಡಿ. ಅವತ್ತು ನಿಮ್ಮಪ್ಪನಿಗೆ ಏಟು ಬಿದ್ದಿದ್ದು ಫೋನಿಂದ ಅಲ್ಲ, ಅಷ್ಟು ಹೊತ್ತು ಅವರು ಒಬ್ರೇ ಇದ್ದರಲ್ಲ, ಅದರಿಂದ. ಬಟನ್ ಫೋನಿಗೂ ಇದೇ ಕಾಲ್ ಬರತ್ತೆ, ಶುರುವಾಗೋದೇ ಮಾಮೂಲಿ ಕಾಲಿಂದ. ಫೋನ್ ಕಿತ್ಕೊಂಡ್ರೆ ನಿಮ್ಮ ಜೊತೆ ವಿಡಿಯೋ ಕಾಲ್ ಮಾಡೋದು, ಮೊಮ್ಮಕ್ಕಳ ಫೋಟೋ ನೋಡೋದು, ಕುಟುಂಬದ ಗ್ರೂಪ್ ಎಲ್ಲಾ ಹೋಗಿ ಅವರು ಇನ್ನೂ ಒಂಟಿ ಆಗ್ತಾರೆ, ಈ ಕಳ್ಳರಿಗೆ ಬೇಕಾಗಿರೋದೂ ಅದೇ. ಜೊತೆಗೆ ‘ನೀನು ದಡ್ಡ’ ಅಂತ ನೀವೇ ಅವರಿಗೆ ಹೇಳಿದ ಹಾಗಾಗತ್ತೆ. ಮುಂದಿನ ಸಲ ಏನಾದ್ರೂ ಆದ್ರೆ ನಿಮಗೆ ಹೇಳೋದೇ ಇಲ್ಲ.

ಅವರು ಯಾಕೆ ನಂಬಿದ್ರು ಅಂತ ಮನೇಲಿ ಎಲ್ರೂ ಕೇಳ್ತಿರಬಹುದು. ಡಿಜಿಟಲ್ ಅರೆಸ್ಟ್, ಅಂದ್ರೆ ಪೊಲೀಸ್ ವೇಷದಲ್ಲಿ ವಿಡಿಯೋ ಕಾಲಲ್ಲೇ ‘ಅರೆಸ್ಟ್’ ಅಂತ ಹೆದರಿಸಿ ದುಡ್ಡು ಕೀಳೋ ಮೋಸದ ಕಾಲ್, ಹೇಗೆ ನಡೆಯತ್ತೆ ಅಂತ ಒಂದು ಸಲ ಹತ್ತಿರದಿಂದ ನೋಡಿದ್ರೆ ಆ ಪ್ರಶ್ನೆ ಕೇಳೋಕೆ ಮನಸ್ಸು ಬರಲ್ಲ. ಮೊದಲು ರೆಕಾರ್ಡೆಡ್ ವಾಯ್ಸ್, ನಿಮ್ಮ ನಂಬರ್ ಎರಡು ಗಂಟೇಲಿ ಬಂದ್ ಆಗತ್ತೆ, ವಿವರಕ್ಕೆ 9 ಒತ್ತಿ. ಒತ್ತಿದ್ರೆ ಟ್ರಾಯ್ ಅಥವಾ ಟೆಲಿಕಾಂ ಇಲಾಖೆ ಅಂತ ಒಬ್ಬ ಸಮಾಧಾನದ ದನಿಯವನು ಬರ್ತಾನೆ, ನಿಮ್ಮ ಆಧಾರಲ್ಲಿ ಮುಂಬೈನಲ್ಲಿ ಸಿಮ್ ತಗೊಂಡಿದ್ದಾರೆ, ಅದರ ಮೇಲೆ ಕೇಸ್ ಇದೆ, ನೀವು ಒಳ್ಳೆಯವರ ಥರ ಕಾಣ್ತೀರಿ, ಪೊಲೀಸರಿಗೆ ನಾನೇ ಕನೆಕ್ಟ್ ಮಾಡ್ತೀನಿ ಅಂತಾನೆ. ಆಮೇಲೆ ವಾಟ್ಸಾಪ್ ವಿಡಿಯೋ. ಯೂನಿಫಾರ್ಮ್, ಹಿಂದೆ ಲಾಂಛನ, ವೈರ್‌ಲೆಸ್ ಸದ್ದು, ಆಚೀಚೆ ಓಡಾಡೋ ಪೇದೆಗಳು. ಇ.ಡಿ., ಆರ್‌ಬಿಐ, ಸುಪ್ರೀಂ ಕೋರ್ಟಿನ ಸೀಲ್ ಇರೋ ಲೆಟರ್ ಪಿಡಿಎಫಲ್ಲಿ ಬರತ್ತೆ, ಅದರಲ್ಲಿ ಅಪ್ಪನ ಹೆಸರು, ಆಧಾರ್ ನಂಬರ್ ಸರಿಯಾಗೇ ಇರತ್ತೆ. ಒಬ್ಬ ಗದರಿಸ್ತಾನೆ, ಇನ್ನೊಬ್ಬ ‘ಸರ್, ವಯಸ್ಸಾದವರು, ಸ್ವಲ್ಪ ನೋಡಿ’ ಅಂತ ಪರವಾಗಿ ಮಾತಾಡ್ತಾನೆ.

ಆಮೇಲೆ ಬರೋದೇ ಎಲ್ಲದಕ್ಕಿಂತ ಮುಖ್ಯವಾದ ಮಾತು: ಇದು ದೇಶದ ರಹಸ್ಯ, ಯಾರಿಗೂ ಹೇಳಬಾರದು, ಮಗಳಿಗೆ ಹೇಳಿದ್ರೆ ಅವಳನ್ನೂ ಕೇಸಲ್ಲಿ ಸೇರಿಸ್ತೀವಿ. ಕ್ಯಾಮೆರಾ ಆಫ್ ಮಾಡಬಾರದು, ಬಾಗಿಲು ಹಾಕ್ಕೊಳ್ಳಿ, ಕೆಲಸದವರು ಬಂದ್ರೆ ಆಮೇಲೆ ಬಾ ಅನ್ನಿ, ಗಂಟೆಗೊಂದು ಮೆಸೇಜ್ ಹಾಕಿ. ಬ್ಯಾಂಕಲ್ಲಿ ಕೇಳಿದ್ರೆ ಜಾಗ ತಗೋತಿದ್ದೀನಿ ಅಂತಲೋ ಆಸ್ಪತ್ರೆ ಖರ್ಚು ಅಂತಲೋ ಹೇಳಿ ಅಂತ ಅದನ್ನೂ ಹೇಳಿಕೊಟ್ಟಿರ್ತಾರೆ. ಪಕ್ಕದ ಮನೆ ಅರ್ಧ ಕಿಲೋಮೀಟರ್ ಆಚೆ, ಮಧ್ಯೆ ತೋಟ, ಅಂಥ ಮನೇಲಿ ಇದನ್ನ ನಡೆಸೋದು ಪೇಟೆಗಿಂತ ಎಷ್ಟು ಸುಲಭ ಅಂತ ನೀವೇ ಯೋಚನೆ ಮಾಡಿ. ಮೇಲಾಗಿ ಜೀವನ ಪೂರ್ತಿ ಮೇಲಿನವರ ಆರ್ಡರ್ ಪಾಲಿಸಿಕೊಂಡು ಬಂದ ಮನುಷ್ಯ, ಕಾನೂನು ಅಂದ್ರೆ ಗೌರವ ಇಟ್ಟವರು. ತನಿಖೆಗೆ ಸಹಕರಿಸಬೇಕು ಅನ್ನೋ ಅವರ ಒಳ್ಳೇ ಗುಣವನ್ನೇ ಹಿಡಿದು ಎಳೆದಿದ್ದಾರೆ. ಇದನ್ನ ಅಪ್ಪನಿಗೆ ಇದೇ ಮಾತಲ್ಲಿ ಹೇಳಿ. ನಿಮ್ಮ ತಪ್ಪಲ್ಲ ಅಂತ ಬಾಯ್ಮಾತಿಗೆ ಹೇಳಿದ್ರೆ ಅವರು ನಂಬಲ್ಲ, ಈ ಕಾಲಿನ ಒಂದೊಂದೇ ಹೆಜ್ಜೆ ಜೊತೆಗೆ ಕೂತು ಬಿಡಿಸಿದ್ರೆ ‘ಹೌದು, ಹೀಗೇ ಅಂದ’ ಅಂತ ಅವರೇ ಬಾಯಿ ಬಿಡ್ತಾರೆ.

ಕಾನೂನಿನ ವಿಷಯ ಅವರಿಗೆ ಗಟ್ಟಿಯಾಗಿ ಗೊತ್ತಿರಲಿ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಯಾವ ಕಾನೂನಲ್ಲೂ ಇಲ್ಲ. 2024ರ ಅಕ್ಟೋಬರಲ್ಲಿ ಪ್ರಧಾನಿ ತಮ್ಮ ಮನ್ ಕಿ ಬಾತ್‌ನಲ್ಲೇ ಇದನ್ನ ಹೇಳಿದ್ರು. ತನಿಖೆಗೆ ಹಾಜರಾಗಿ ಅಂತ ಪೊಲೀಸರು ಕೊಡೋ ನೋಟಿಸ್ ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸುಗಳ ವಿಧಾನ ಹೇಳೋ ಕಾನೂನು) 35ನೇ ಸೆಕ್ಷನ್ನಿನದು, ಅದನ್ನ ವಾಟ್ಸಾಪಲ್ಲಿ ಕಳಿಸಿದ್ರೆ ನಡೆಯಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹರಿಯಾಣದ ಅಂಬಾಲಾದ ವಯಸ್ಸಾದ ದಂಪತಿಗೆ ಸುಪ್ರೀಂ ಕೋರ್ಟಿನದೇ ನಕಲಿ ಆರ್ಡರ್ ತೋರಿಸಿ ಕೋಟಿ ರೂಪಾಯಿ ಮೇಲೆ ಕಿತ್ತುಕೊಂಡಿದ್ದಕ್ಕೆ ಕೋರ್ಟ್ ತಾನಾಗೇ ಕೇಸ್ ಎತ್ತಿಕೊಂಡು, 2025ರ ಡಿಸೆಂಬರಲ್ಲಿ ದೇಶದ ಡಿಜಿಟಲ್ ಅರೆಸ್ಟ್ ಕೇಸುಗಳ ತನಿಖೆಯನ್ನ ಸಿಬಿಐಗೆ ಕೊಟ್ಟಿದೆ. ಅಂದ್ರೆ ಅಪ್ಪನಿಗೆ ಯಾರ ಹೆಸರು ಹೇಳಿ ಹೆದರಿಸಿದ್ರೋ ಅದೇ ಸಿಬಿಐ ಈಗ ಈ ಕಳ್ಳರ ಬೆನ್ನು ಹತ್ತಿದೆ, ಇದು ಮಿಲಿಟರಿಯಲ್ಲಿದ್ದವರಿಗೆ ಸಮಾಧಾನ ಕೊಡೋ ಸಂಗತಿ, ಖಂಡಿತ ಹೇಳಿ.

ಈಗ ಕಾಫಿ ದುಡ್ಡಿನ ವಿಷಯ. ನನ್ನ ಅಂದಾಜು, ಅವರಿಗೆ ಮೊದಲೇ ಗೊತ್ತಿರಲಿಲ್ಲ, ಅಪ್ಪನ ಬಾಯಿಂದಲೇ ಹೇಳಿಸಿದ್ದಾರೆ. ನಿಮ್ಮ ಎಲ್ಲಾ ಅಕೌಂಟ್ ವೆರಿಫೈ ಮಾಡಬೇಕು, ಯಾವ ಬ್ಯಾಂಕಲ್ಲಿ ಎಷ್ಟಿದೆ, ಎಫ್‌ಡಿ ಎಷ್ಟು, ಇತ್ತೀಚೆಗೆ ದೊಡ್ಡ ಮೊತ್ತ ಏನಾದ್ರೂ ಬಂದಿದೆಯಾ ಅಂತ ತನಿಖೆ ಥರ ಕೇಳ್ತಾರೆ, ನಾವು ನಿಯತ್ತಾಗಿ ಉತ್ತರ ಕೊಡ್ತೀವಿ. ಹತ್ತು ನಿಮಿಷ ಆದ್ಮೇಲೆ ಅದೇ ಮಾತನ್ನ ಬೇರೆ ಆಫೀಸರ್ ವಾಪಸ್ ಹೇಳಿದಾಗ ಇವರಿಗೆ ಎಲ್ಲಾ ಗೊತ್ತಿದೆ ಅನಿಸತ್ತೆ. ಕಾಫಿ ಕೊಯ್ಲು ಮುಗಿದು ದುಡ್ಡು ಬರೋ ಕಾಲದಲ್ಲಿ ಇಂಥ ಕಾಲ್ ಬಂದ್ರೆ ನಷ್ಟ ಜಾಸ್ತಿ ಆಗೋದು ಅಕೌಂಟಲ್ಲಿ ಆಗ ದುಡ್ಡು ಇರತ್ತೆ ಅಂತ, ಅಷ್ಟೇ. ಕಾಲ್ ವರ್ಷ ಪೂರ್ತಿ ಬರ್ತಾನೇ ಇರತ್ತೆ.

ಆದ್ರೆ ಹೆಸರು, ವಿಳಾಸ, ಆಧಾರ್ ಅವರ ಹತ್ರ ಇದ್ದಿದ್ದು ನಿಜ, ಅದಕ್ಕೆ ಕಷ್ಟಪಡಬೇಕಾಗೂ ಇಲ್ಲ. 2023ರ ಜೂನಲ್ಲಿ ಕೋವಿನ್ ಲಸಿಕೆ ಮಾಹಿತಿ ಟೆಲಿಗ್ರಾಂ ಬಾಟಲ್ಲಿ ಸಿಗ್ತಿತ್ತು, ಅದೇ ವರ್ಷ ಅಕ್ಟೋಬರಲ್ಲಿ 81.5 ಕೋಟಿ ಭಾರತೀಯರ ಡೇಟಾ ಅಂತ ಡಾರ್ಕ್ ವೆಬಲ್ಲಿ ಮಾರಾಟಕ್ಕೆ ಇಟ್ಟಿದ್ರು, 2024ರಲ್ಲಿ ಒಂದು ದೊಡ್ಡ ಆರೋಗ್ಯ ವಿಮೆ ಕಂಪನಿಯ 3 ಕೋಟಿಗೂ ಹೆಚ್ಚು ಗ್ರಾಹಕರ ವಿವರ ಹೊರಗೆ ಬಂತು. ಇದರ ಮೇಲೆ ನಮ್ಮ ಪಹಣಿ, ಅಂದ್ರೆ ಆರ್‌ಟಿಸಿ. ಭೂಮಿ ವೆಬ್‌ಸೈಟಲ್ಲಿ ಊರು, ಸರ್ವೆ ನಂಬರ್ ಹಾಕಿದ್ರೆ ಯಾರು ಬೇಕಾದ್ರೂ ನೋಡಬಹುದು, ಎಷ್ಟು ಎಕರೆ, ಯಾರ ಹೆಸರು, ಸಾಲ ಇದೆಯಾ. ಜಮ್ಮಾ ಜಾಗ (ಕೊಡಗಿನ ಕುಟುಂಬಗಳ ಪರಂಪರೆಯ ಜಮೀನು) ಆದ್ರೆ ಪಟ್ಟೆದಾರರ (ಕುಟುಂಬದ ಹಿರಿಯರ) ಜೊತೆ ಕುಟುಂಬದವರ ಹೆಸರೂ ಇರಬಹುದು. ಹೋಂಸ್ಟೇ ನಂಬರನ್ನಂತೂ ನಾವೇ ಮ್ಯಾಪಲ್ಲಿ ಹಾಕಿದ್ದೀವಿ. ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ರೆ ಪೂರ್ತಿ ಮನುಷ್ಯ ಸಿಕ್ಕಿಬಿಡ್ತಾನೆ. ಡೇಟಾ ಸಂರಕ್ಷಣಾ ಕಾನೂನು 2023ರಲ್ಲೇ ಆಯ್ತು, ಅದರ ನಿಯಮಗಳು ಬಂದಿದ್ದು 2025ರ ನವೆಂಬರಲ್ಲಿ, ಆದ್ರೆ ಸೋರಿ ಹೋಗಿದ್ದು ವಾಪಸ್ ಬರಲ್ಲ. ಹಾಗಾಗಿ ಒಂದು ಮಾತು ಅಪ್ಪನ ತಲೇಲಿ ಕೂರಲಿ: ನನ್ನ ಬಗ್ಗೆ ಗೊತ್ತಿದೆ ಅಂದ ಮಾತ್ರಕ್ಕೆ ಅವನು ಸರ್ಕಾರದವನಲ್ಲ.

ಹೋಂಸ್ಟೇ ಇದೆ ಅಂದ್ರಿ, ಅದಕ್ಕೆ ಇನ್ನೊಂದು ವಿಷಯ ಹೇಳಲೇಬೇಕು, ಯಾಕಂದ್ರೆ ಇದು ಕೊಡಗಿನವರ ಮರ್ಮಕ್ಕೇ ಕೈ ಹಾಕೋ ಮೋಸ. ಆರ್ಮಿ ಆಫೀಸರ್ ಅಂತ ಫೋನ್ ಬರತ್ತೆ, ನಮ್ಮ ಯೂನಿಟ್ಟಿನವರು ಫ್ಯಾಮಿಲಿ ಜೊತೆ ಬರ್ತಿದ್ದಾರೆ, ಎರಡೂ ರೂಮ್ ಮೂರು ದಿನಕ್ಕೆ ಬೇಕು. ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್ ಫೋಟೋ ಎಲ್ಲಾ ಕಳಿಸ್ತಾನೆ. ಅಡ್ವಾನ್ಸ್ ಕೊಡೋ ಹೊತ್ತಿಗೆ, ಆರ್ಮಿ ಅಕೌಂಟಿಂದ ದುಡ್ಡು ಬರಬೇಕಾದ್ರೆ ಮೊದಲು ನೀವು ಈ ಕ್ಯೂಆರ್ ಸ್ಕ್ಯಾನ್ ಮಾಡಿ ಒಂದು ರೂಪಾಯಿ ಹಾಕಿ, ಡಬಲ್ ವಾಪಸ್ ಬರತ್ತೆ ಅಂತಾನೆ. ಒಂದು ರೂಪಾಯಿ ಹಾಕಿದ್ರೆ ಎರಡು ಬರತ್ತೆ, ನಂಬಿಕೆ ಹುಟ್ಟತ್ತೆ, ಆಮೇಲೆ ದೊಡ್ಡ ಮೊತ್ತ ಹೋಗತ್ತೆ. ಕಾರ್ಯಪ್ಪ, ತಿಮ್ಮಯ್ಯ ಅವರ ಊರಲ್ಲಿ ಫೌಜಿ ಅಂದ ತಕ್ಷಣ ನಾವು ಮನೆ ಬಾಗಿಲು ತೆಗೀತೀವಿ, ಆ ವಿಶ್ವಾಸವನ್ನ ಹೀಗೆ ದುರುಪಯೋಗ ಮಾಡ್ತಾರೆ ಅನ್ನೋದು ನನಗೆ ನಿಜವಾಗ್ಲೂ ಸಿಟ್ಟು ಬರಿಸತ್ತೆ. ದುಡ್ಡು ನಮಗೆ ಬರಬೇಕಾದ್ರೆ ಯುಪಿಐ ಪಿನ್ ಒತ್ತೋ ಅಗತ್ಯ ಯಾವತ್ತೂ ಇಲ್ಲ, ಪಿನ್ ಕೇಳಿದ್ರೆ ದುಡ್ಡು ನಮ್ಮ ಕಡೆಯಿಂದ ಹೋಗ್ತಿದೆ ಅಂತಾನೇ ಅರ್ಥ.

ಅದಕ್ಕೇ ಮೊದಲ ಕೆಲಸ, ಹೋಂಸ್ಟೇಗೆ ಬೇರೆ ಸಿಮ್ ತಗೊಳ್ಳಿ, ಬ್ಯಾಂಕಿಗೆ ಕೊಟ್ಟಿರೋ ನಂಬರ್ ಎಲ್ಲೂ ಬಹಿರಂಗ ಇರಬಾರದು. ಬ್ಯಾಂಕ್ ನಂಬರ್ ಇರೋ ಫೋನಲ್ಲಿ ವಾಟ್ಸಾಪ್ ಪ್ರೈವಸಿ ಸೆಟ್ಟಿಂಗ್ಸಿಗೆ ಹೋಗಿ ಕಾಲ್ಸ್ ಅನ್ನೋದರ ಕೆಳಗೆ ಗೊತ್ತಿಲ್ಲದ ನಂಬರಿನ ಕಾಲ್ ಸೈಲೆಂಟ್ ಮಾಡೋ ಆಪ್ಶನ್ ಆನ್ ಮಾಡಿಬಿಡಿ. ಈ ಒಂದು ಬಟನ್ ಎಷ್ಟೋ ವಿಡಿಯೋ ಕಾಲ್ ತಡೆಯತ್ತೆ. ಹೋಂಸ್ಟೇ ನಂಬರಲ್ಲಿ ಇದನ್ನ ಹಾಕೋಕಾಗಲ್ಲ, ಗೆಸ್ಟುಗಳ ಕಾಲ್ ತಪ್ಪಿಹೋಗತ್ತೆ, ಅದಕ್ಕೇ ಎರಡು ನಂಬರ್ ಅಂದಿದ್ದು.

ಎರಡನೇದು ದುಡ್ಡು. ನಾನು ಎಲ್ಲಕ್ಕಿಂತ ಜಾಸ್ತಿ ಒತ್ತು ಕೊಡೋದು ಇದಕ್ಕೆ, ಯಾಕಂದ್ರೆ ಹೆದರಿಕೆಯಲ್ಲಿದ್ದಾಗ ಯಾರ ಬುದ್ಧಿಯೂ ಸರಿಯಾಗಿ ಓಡಲ್ಲ, ಆಗ ಕಾಪಾಡೋದು ಮೊದಲೇ ಮಾಡಿಟ್ಟ ಏರ್ಪಾಡು. ಕಾಫಿ, ಮೆಣಸಿನ ದುಡ್ಡು ಬೀಳೋ ಅಕೌಂಟಲ್ಲಿ ಯುಪಿಐ ಇರಬಾರದು, ನೆಟ್ ಬ್ಯಾಂಕಿಂಗ್ ಇದ್ರೂ ದಿನದ ಲಿಮಿಟ್ ತೀರಾ ಕಡಿಮೆ ಇರಲಿ. ದಿನಸಿ, ಡೀಸೆಲ್, ಕೂಲಿ ಇದಕ್ಕೆಲ್ಲ ಇನ್ನೊಂದು ಸಣ್ಣ ಅಕೌಂಟ್, ಯುಪಿಐ ಅದಕ್ಕೆ ಮಾತ್ರ. ಎಫ್‌ಡಿಯನ್ನ ಅಪ್ಪ ಮತ್ತು ನೀವು ಇಬ್ಬರ ಹೆಸರಲ್ಲಿ, ಇಬ್ಬರೂ ಸಹಿ ಹಾಕಿದ್ರೇ ಮುರಿಯೋಕಾಗೋ ಹಾಗೆ ಮಾಡಿಸಿ. ಎಲ್ರೂ ಮಾಡಿಸೋದು ಯಾರಾದ್ರೂ ಒಬ್ಬರು ಅನ್ನೋ ಥರದ್ದು, ಅದರಲ್ಲಿ ಅಪ್ಪ ಒಬ್ರೇ ಹೋಗಿ ಮುರಿಸಬಹುದು. ಇಬ್ಬರ ಸಹಿ ಅಂತಿದ್ರೆ ಯಾವ ಸಿಬಿಐ ವೇಷದವನು ಏನೇ ಹೆದರಿಸಿದ್ರೂ ನೀವು ಊರಿಗೆ ಬರಬೇಕು, ಬಂದ್ರೆ ವಿಷಯ ಅಲ್ಲಿಗೇ ಮುಗೀತು. ಆರ್‌ಟಿಜಿಎಸ್ ಈಗ 24 ಗಂಟೆನೂ ನಡೆಯತ್ತೆ, ಹೋದ ದುಡ್ಡು ಬೇರೆಯವರ ಹೆಸರಲ್ಲಿ ಬಾಡಿಗೆಗೆ ತಗೊಂಡಿರೋ ಅಕೌಂಟಿಗೆ ಬಿದ್ದು, ಅಲ್ಲಿಂದ ನಿಮಿಷಗಳಲ್ಲಿ ಹತ್ತಾರು ಅಕೌಂಟಿಗೆ ಚದುರಿ ಕೊನೆಗೆ ಕ್ರಿಪ್ಟೋ ಆಗಿ ದೇಶ ಬಿಡತ್ತೆ. ಆದ್ರಿಂದ ಹೋಗೋ ದಾರಿಯನ್ನೇ ನಿಧಾನ ಮಾಡಬೇಕು. ಆ ಬ್ಯಾಂಕ್ ಕೌಂಟರಿನವರಿಗೆ ನೀವು ಹೋಗಿ ಒಂದು ಮಾತು ಥ್ಯಾಂಕ್ಸ್ ಹೇಳಿ ಬನ್ನಿ, ಮ್ಯಾನೇಜರಿಗೂ ಬರೆದು ಕೊಡಿ.

ಎಐ ವಾಯ್ಸಿನ ಭಯ ಸುಳ್ಳಲ್ಲ. 2024ರಲ್ಲಿ ಅರೂಪ್ ಅನ್ನೋ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಆಫೀಸಲ್ಲಿ ಒಬ್ಬ ಉದ್ಯೋಗಿಯನ್ನ ಡೀಪ್‌ಫೇಕ್ ವಿಡಿಯೋ ಮೀಟಿಂಗಲ್ಲಿ ಕೂರಿಸಿ ಸುಮಾರು 2.5 ಕೋಟಿ ಡಾಲರ್ ಕಳಿಸಿಕೊಂಡ್ರು, ಮೀಟಿಂಗಲ್ಲಿದ್ದ ಬಾಸ್, ಸಹೋದ್ಯೋಗಿಗಳು ಎಲ್ಲಾ ನಕಲಿ. ಇನ್ಫೋಸಿಸ್ ನಾರಾಯಣ ಮೂರ್ತಿ ಅವರ ನಕಲಿ ವಿಡಿಯೋ ತೋರಿಸಿ ಟ್ರೇಡಿಂಗ್ ಆಪಲ್ಲಿ ದುಡ್ಡು ಹಾಕಿಸಿದ್ದು ನಮ್ಮ ಬೆಂಗಳೂರಲ್ಲೇ ನಡೆದಿದೆ. ವಾಯ್ಸ್ ಕಾಪಿ ಮಾಡೋಕೆ ಕೆಲವು ಸೆಕೆಂಡಿನ ಆಡಿಯೋ ಸಾಕು, ನಿಮ್ಮದು ಇನ್‌ಸ್ಟಾಗ್ರಾಂ ರೀಲಲ್ಲೇ ಸಿಗತ್ತೆ. ಇದಕ್ಕೆ ಮನೇಲಿ ಒಂದು ಗುಟ್ಟಿನ ಪ್ರಶ್ನೆ ಇಟ್ಕೊಳ್ಳಿ. ಸಣ್ಣವರಿದ್ದಾಗ ಸಾಕಿದ್ದ ನಾಯಿ ಹೆಸರು, ಕಣದ ಪಕ್ಕದಲ್ಲಿದ್ದ ಮರ ಯಾವುದು, ಹೀಗೆ ಯಾವ ಫೇಸ್‌ಬುಕ್ ಫೋಟೋದಲ್ಲೂ ಇಲ್ಲದ್ದು. ದುಡ್ಡು ಅನ್ನೋ ಮಾತು ಬಂದ ತಕ್ಷಣ ಅಪ್ಪ ಅದನ್ನ ಕೇಳಲಿ, ನೀವು ಬೇಜಾರು ಮಾಡ್ಕೋಬೇಡಿ. ಇನ್ನೊಂದು, ಮನೇಲಿ ಕೊಡವ ತಕ್ಕ್ ಆಡ್ತೀರೋ ಅರೆಭಾಷೆ ಆಡ್ತೀರೋ, ಅಪ್ಪ ಅದರಲ್ಲೇ ಮಾತು ಬೆಳೆಸಲಿ. ನಿಮ್ಮ ದನಿ ನಕಲು ಮಾಡಿದವನಿಗೆ ಆ ಭಾಷೇಲಿ ಸರಾಗ ಉತ್ತರ ಕೊಡೋದು ಇವತ್ತಿಗೆ ಕಷ್ಟ. ಆದ್ರೆ ಇದೊಂದನ್ನೇ ನಂಬಿ ಕೂರಬೇಡಿ, ತಂತ್ರಜ್ಞಾನ ಓಡ್ತಾ ಇದೆ. ಕಾಲ್ ಕಟ್ ಮಾಡಿ, ತಮ್ಮ ಫೋನಲ್ಲಿ ಸೇವ್ ಇರೋ ನಿಮ್ಮ ನಂಬರಿಗೆ ತಾವೇ ವಾಪಸ್ ಮಾಡೋದು, ಇದು ಎಷ್ಟೇ ಎಐ ಬಂದ್ರೂ ಕೆಲಸ ಮಾಡತ್ತೆ.

ಅಪ್ಪನಿಗೆ ನೀವು ಹೇಳದೇ ಇರೋ ಇನ್ನೊಂದು ಅಪಾಯ ಇದೆ, ವಾಟ್ಸಾಪಲ್ಲಿ ಬರೋ ಎಪಿಕೆ ಫೈಲ್, ಅಂದ್ರೆ ಒತ್ತಿದ್ರೆ ಫೋನಲ್ಲಿ ಆಪ್ ಇನ್‌ಸ್ಟಾಲ್ ಆಗೋ ಫೈಲ್. ಮದುವೆ ಕಾಗದ, ಆರ್‌ಟಿಒ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಅಂತ ಹೆಸರಿರತ್ತೆ. ಒತ್ತಿ ಇನ್‌ಸ್ಟಾಲ್ ಮಾಡಿದ್ರೆ ಎಸ್ಸೆಮ್ಮೆಸ್ ಓದೋ ಪರ್ಮಿಶನ್ ಕೇಳತ್ತೆ, ಕೊಟ್ರೆ ಒಟಿಪಿ ನೇರ ಕಳ್ಳನಿಗೆ. ಎಷ್ಟೋ ಸಲ ನಮ್ಮದೇ ವಾಟ್ಸಾಪಿಂದ ಕುಟುಂಬದ ಗ್ರೂಪಿಗೂ ಹೋಗತ್ತೆ, ಹಾಗಾಗಿ ಚಿಕ್ಕಪ್ಪ ಕಳಿಸಿದ್ದು ಅಂದ್ಕೊಂಡು ಮತ್ತೆ ನಾಲ್ಕು ಜನ ಒತ್ತುತ್ತಾರೆ. ಮದುವೆ ಕಾಗದ ಅಂದ್ರೆ ಫೋಟೋ ಇರಬೇಕು ಇಲ್ಲ ಪಿಡಿಎಫ್ ಇರಬೇಕು, ಇನ್‌ಸ್ಟಾಲ್ ಆಗೋ ಮದುವೆ ಕಾಗದ ಇಲ್ಲ. ಅಕಸ್ಮಾತ್ ಒತ್ತಿದ್ರೆ ತಕ್ಷಣ ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಆಫ್ ಮಾಡಿ, ಬೇರೆ ಫೋನಿಂದ ಬ್ಯಾಂಕಿಗೆ ಹೇಳಿ ಅಕೌಂಟ್ ಬ್ಲಾಕ್ ಮಾಡಿಸಿ, ಆಮೇಲೆ ಫೋನ್ ರೀಸೆಟ್. ಹೀಗೆ ನಮಗೆ ಗೊತ್ತಿಲ್ಲದೇ ಹೋದ ದುಡ್ಡಾದ್ರೆ ಮೂರು ಕೆಲಸದ ದಿನದ ಒಳಗೆ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಆರ್‌ಬಿಐನ ನಿಯಮದ ರಕ್ಷಣೆ ಕೇಳೋಕೆ ಆ ಗಡುವು ಮುಖ್ಯ. ಡಿಜಿಟಲ್ ಅರೆಸ್ಟಲ್ಲಿ ನಾವೇ ಸಹಿ ಹಾಕಿ ಕಳಿಸಿರೋದ್ರಿಂದ ಆ ರಕ್ಷಣೆ ಸಾಮಾನ್ಯವಾಗಿ ಸಿಗಲ್ಲ, ಅದಕ್ಕೇ ಅದು ಇಷ್ಟು ಕ್ರೂರ.

ಇದನ್ನ ನಡೆಸೋರು ಯಾರು ಅಂತಾನೂ ಅಪ್ಪನಿಗೆ ಗೊತ್ತಿರಲಿ. ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ಗಡಿಗಳಲ್ಲಿ ಕಾಂಪೌಂಡ್ ಕಟ್ಟಿ ಸಾವಿರಾರು ಜನರನ್ನ ಕೂರಿಸಿ ಕಾಲ್ ಮಾಡಿಸ್ತಾರೆ. ಐಟಿ ಕೆಲಸ ಅಂತ ಕರ್ಕೊಂಡು ಹೋಗಿ ಪಾಸ್‌ಪೋರ್ಟ್ ಕಿತ್ಕೊಂಡು ಕೂಡಿ ಹಾಕಿರೋ ನಮ್ಮದೇ ಹುಡುಗರೂ ಅಲ್ಲಿದ್ದಾರೆ, 2025ರ ಮಾರ್ಚಲ್ಲಿ ವಾಯುಪಡೆ ವಿಮಾನದಲ್ಲಿ ಅಂಥ 549 ಭಾರತೀಯರನ್ನ ಥಾಯ್ಲೆಂಡಿನ ಮೇ ಸೋಟ್ ಮೂಲಕ ವಾಪಸ್ ಕರ್ಕೊಂಡು ಬಂದ್ರು. ನಿಮ್ಮ ಊರಲ್ಲಿ ಯಾರಾದ್ರೂ ಹುಡುಗರು ಥಾಯ್ಲೆಂಡಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಹೊರಟಿದ್ರೆ ದಯವಿಟ್ಟು ತಡೆದು ವಿಚಾರಿಸಿ. ಕೇಂದ್ರ ಸರ್ಕಾರದ ಲೆಕ್ಕದಲ್ಲೇ 2024ರಲ್ಲಿ ಸೈಬರ್ ವಂಚನೆಯಲ್ಲಿ ದೇಶದ ಜನ ಕಳ್ಕೊಂಡಿದ್ದು 22,845 ಕೋಟಿ ರೂಪಾಯಿ, ಅದರ ಹಿಂದಿನ ವರ್ಷ 7,465 ಕೋಟಿ. ಇಂಥ ದಂಧೆ ಎದುರು ತೋಟದ ಮನೇಲಿ ಒಬ್ರೇ ಕೂತ ಮನುಷ್ಯ ಅಷ್ಟು ಹೊತ್ತು ತಡ್ಕೊಂಡಿದ್ದೇ ದೊಡ್ಡದು.

ಕೊನೇ ಪ್ರಶ್ನೆ, ದುಡ್ಡು ಹೋಗಿಲ್ಲ, ಆದ್ರೂ ಕಂಪ್ಲೇಂಟ್ ಕೊಡಿ. ದುಡ್ಡು ಹೋಗಿದ್ರೆ ಮೊದಲು ಮಾಡಬೇಕಾದ್ದು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್, ಅದೂ ಮೊದಲ ಒಂದೆರಡು ಗಂಟೆ ಒಳಗೆ, ದುಡ್ಡು ಕಳಿಸಿದ್ದಕ್ಕೆ ಬ್ಯಾಂಕ್ ಕೊಡೋ ಯುಟಿಆರ್ ನಂಬರ್ ಕೈಲಿ ಇಟ್ಕೊಂಡು, ಆಗ ದುಡ್ಡು ಇನ್ನೂ ಯಾವುದಾದ್ರೂ ಅಕೌಂಟಲ್ಲಿದ್ರೆ ಅಲ್ಲೇ ತಡೆ ಹಿಡೀತಾರೆ. ನಿಮ್ಮದು ದುಡ್ಡು ಉಳಿದ ಕೇಸ್ ಆದ್ರಿಂದ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನ ಚಕ್ಷು ಅನ್ನೋ ವಿಭಾಗದಲ್ಲಿ ಆ ನಂಬರ್, ಸ್ಕ್ರೀನ್‌ಶಾಟ್ ಹಾಕಿ, ಅದು ಇಂಥದ್ದಕ್ಕೇ ಇರೋದು. ಅದೇ ಸಂಚಾರ್ ಸಾಥಿಯಲ್ಲಿ ಅಪ್ಪನ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತಾನೂ ನೋಡಿ, ಗೊತ್ತಿಲ್ಲದ್ದು ಇದ್ರೆ ಅಲ್ಲೇ ರಿಪೋರ್ಟ್ ಮಾಡಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ, ಪೆನ್ಷನ್ ಲೈಫ್ ಸರ್ಟಿಫಿಕೇಟಿಗೆ ಬೆರಳಚ್ಚು ಕೊಡೋ ದಿನ ಮಾತ್ರ ಅನ್‌ಲಾಕ್ ಮಾಡಿದ್ರೆ ಸಾಕು. ಆಮೇಲೆ ಬ್ಯಾಂಕಿನ ಆರ್‌ಟಿಜಿಎಸ್ ಫಾರಂನಲ್ಲಿ ಬರೆದಿದ್ದ ಅಕೌಂಟ್ ನಂಬರ್ ಇದೆಯಲ್ಲ, ಅದು ಬೆಲೆಬಾಳೋ ಸಾಕ್ಷಿ. ಆ ಫಾರಂ ಫೋಟೋ, ವಾಟ್ಸಾಪ್ ಚಾಟ್, ನಕಲಿ ಲೆಟರ್ ಯಾವುದನ್ನೂ ಡಿಲೀಟ್ ಮಾಡದೆ ಅಪ್ಪನನ್ನ ಜೊತೆಗೆ ಕರ್ಕೊಂಡು ಮಡಿಕೇರಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ಹೇಳಿಕೆಯನ್ನ ಅಪ್ಪನೇ ಕೊಡಲಿ, ನೀವು ಪಕ್ಕದಲ್ಲಿರಿ. ಆ ಅಕೌಂಟಿಗೆ ಅದೇ ದಿನ ಬೇರೆ ಯಾರೋ ದುಡ್ಡು ಹಾಕಿರೋ ಸಾಧ್ಯತೆ ಇದೆ, ಅಪ್ಪ ಕೊಡೋ ನಂಬರಿಂದ ಅವರದ್ದು ಉಳಿಯಬಹುದು, ಅದನ್ನ ಹೊರಡೋ ಮುಂಚೆ ಅವರಿಗೆ ಹೇಳಿ.